ಹೊಡೆಯದ ಗಂಡನಿಂದ ಜೀವಕ್ಕೆ ಅಪಾಯ ಇರುತ್ತದೆಯೇ?

ಪ್ರಶ್ನೆ: ನನ್ನ ತಂಗಿಗೆ ಮದುವೆಯಾಗಿ ಆರು ವರ್ಷ. ಒಂದು ಮಗುವಿದೆ. ಇಷ್ಟು ವರ್ಷದಲ್ಲಿ ಅವಳ ಗಂಡ ಒಂದು ಏಟು ಹೊಡೆದವರಲ್ಲ. ಕುಡಿಯುವುದಿಲ್ಲ. ಹೊರಗಿನವರ ಜೊತೆ ಬಹಳ ಮರ್ಯಾದೆಯಿಂದ ಇರುತ್ತಾರೆ. ಆದರೆ ಅವಳ ಸಂಬಳ ಅವರ ಖಾತೆಗೆ ಹೋಗುತ್ತದೆ. ಅವಳ ಫೋನಿನ ಪಾಸ್‌ವರ್ಡ್ ಅವರ ಹತ್ತಿರ ಇದೆ. ಆಫೀಸಿನಿಂದ ಬರುವುದು ಹತ್ತು ನಿಮಿಷ ತಡವಾದರೆ ರಾತ್ರಿಯಿಡೀ ವಿಚಾರಣೆ. ನನ್ನ ಜೊತೆ ಮಾತಾಡಿದ್ದಕ್ಕೂ ಲೆಕ್ಕ ಕೊಡಬೇಕು. ಎರಡು ತಿಂಗಳ ಹಿಂದೆ ಜಗಳದಲ್ಲಿ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರಂತೆ. ‘ಹೊಡೆಯಲಿಲ್ಲ, ಸುಮ್ನೆ ಹೆದರಿಸಿದರು’ ಅನ್ನುತ್ತಾಳೆ. ಈಗ ಬಿಟ್ಟು ಬರಲು ತೀರ್ಮಾನ ಮಾಡಿದ್ದಾಳೆ. ‘ಎದುರು ಕೂರಿಸಿಕೊಂಡು ಹೇಳಿಯೇ ಬರುತ್ತೇನೆ, ಕದ್ದು ಓಡಿಬರಲು ನಾನೇನು ತಪ್ಪು ಮಾಡಿದ್ದೇನೆ’ ಎನ್ನುವುದು ಅವಳ ವಾದ. ಮನೆಯವರಂತೂ ‘ಕೈ ಎತ್ತದ ಗಂಡಸು ಜೀವ ತೆಗೀತಾನಾ, ನಿನ್ನದು ಅತಿಯಾಯ್ತು’ ಎಂದು ನನ್ನನ್ನೇ ಬೈಯುತ್ತಾರೆ. ನಾನು ಇಲ್ಲದ್ದಕ್ಕೆ ಹೆದರುತ್ತಿದ್ದೇನಾ?

ಉತ್ತರ: ಇಲ್ಲ. ನಿಮ್ಮ ಹೆದರಿಕೆಗೆ ಕಾರಣ ಇದೆ. ನಿಮ್ಮ ಪತ್ರದಲ್ಲಿ ಎರಡು ವಿಷಯ ಓದಿ ನನಗೂ ಆತಂಕವಾಯಿತು. ಒಂದು, ಆತ ಕುತ್ತಿಗೆಗೆ ಕೈ ಹಾಕಿದ್ದು. ಇನ್ನೊಂದು, ಹೇಳಿಯೇ ಬರುತ್ತೇನೆ ಎನ್ನುವ ಅವಳ ಹಟ. ಉಳಿದದ್ದನ್ನು ಆಮೇಲೆ ಓದಿ, ಮೊದಲು ಇಷ್ಟು ಮಾಡಿ. ಬಿಟ್ಟು ಬರುವ ವಿಷಯ ಆತನಿಗೆ ಸದ್ಯ ಗೊತ್ತಾಗಬಾರದು ಎಂದು ತಂಗಿಗೆ ಹೇಳಿ. ಎದುರಿಗೆ ಸಿಕ್ಕಾಗ ಹೇಳಿ. ಫೋನಿನಲ್ಲಿ ಬೇಡ, ಮೆಸೇಜಿನಲ್ಲಂತೂ ಬೇಡವೇ ಬೇಡ. ಅವಳ ಫೋನಿಗೆ ಹೋದದ್ದೆಲ್ಲ ಆತನ ಕಣ್ಣಿಗೂ ಬೀಳುತ್ತದೆ ಎಂದೇ ತಿಳಿದುಕೊಳ್ಳಿ.

ಹೇಳಿ ಬರುವುದು ಮರ್ಯಾದೆಯ ದಾರಿ, ಒಪ್ಪುತ್ತೇನೆ. ಆದರೆ ‘ಬೇಡ’ ಎಂದಾಗ ಅದನ್ನು ಕೇಳಿಸಿಕೊಳ್ಳುವ ಮನುಷ್ಯ ಎದುರಿಗಿದ್ದರೆ ಮಾತ್ರ ಅದು ನಡೆಯುತ್ತದೆ. ಹತ್ತು ನಿಮಿಷ ತಡವಾದದ್ದಕ್ಕೆ ರಾತ್ರಿಯಿಡೀ ವಿಚಾರಣೆ ಮಾಡುವವನು, ಇನ್ನು ಬರುವುದೇ ಇಲ್ಲ ಎಂಬ ಮಾತನ್ನು ಹೇಗೆ ತೆಗೆದುಕೊಳ್ಳುತ್ತಾನೆ ಎಂದು ಅವಳನ್ನೇ ಕೇಳಿ ನೋಡಿ.

ಈಗ ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಗಂಡ ಅಥವಾ ಸಂಗಾತಿಯ ಕೈಯಲ್ಲಿ ಸತ್ತ ಹೆಂಗಸರಲ್ಲಿ ಹೆಚ್ಚಿನವರು ಮೊದಲೇ ಹೊಡೆತ ತಿಂದಿದ್ದವರು, ಅದು ನಿಜ. ಆದರೆ ಎಲ್ಲರೂ ಅಲ್ಲ. ‘ಒಂದು ದಿನವೂ ಕೈ ಎತ್ತಿರಲಿಲ್ಲ’ ಎಂದು ನೆರೆಹೊರೆಯವರು ಪೊಲೀಸರಿಗೆ ಹೇಳುವ ಪ್ರಕರಣಗಳೂ ಇವೆ. ಅಂಥ ಪ್ರಕರಣಗಳನ್ನು ಹಿಂದಕ್ಕೆ ಹೋಗಿ ನೋಡಿದರೆ ಹೊಡೆತ ಕಾಣದೆ ಇರಬಹುದು, ಹಿಡಿತ ಕಾಣುತ್ತದೆ. ಅಪಾಯವನ್ನು ಅಳೆಯಬೇಕಾದ್ದು ಎಷ್ಟು ಏಟು ಬಿತ್ತು ಎನ್ನುವುದರಿಂದ ಮಾತ್ರ ಅಲ್ಲ. ಅವಳ ಬದುಕಿನ ಎಷ್ಟು ಭಾಗ ಅವನ ಅಪ್ಪಣೆಯಲ್ಲಿ ನಡೆಯುತ್ತಿದೆ ಎನ್ನುವುದನ್ನೂ ನೋಡಬೇಕು.

ಇದಕ್ಕೆ ಈಗ ಎಲ್ಲ ಕಡೆ ಬಳಕೆಯಲ್ಲಿರುವ ಹೆಸರು ಕೋಯರ್ಸಿವ್ ಕಂಟ್ರೋಲ್. ನಾನು ಇಲ್ಲಿ ಹಿಡಿತ ಎಂದೇ ಬರೆಯುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರಲ್ಲಿ ಇದನ್ನು ವಿವರವಾಗಿ ಬರೆದರು. ಮನೆಯೊಳಗಿನ ಹಿಂಸೆಯನ್ನು ಬಿಡಿ ಬಿಡಿ ಹೊಡೆತಗಳಾಗಿ ಎಣಿಸುವುದೇ ತಪ್ಪು ಎಂದು ಅವರು ವಾದಿಸಿದರು. ಇದು ಒಬ್ಬರ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಅಪರಾಧ, ಒತ್ತೆಯಾಳಾಗಿ ಇಟ್ಟುಕೊಳ್ಳುವುದಕ್ಕೆ ಹತ್ತಿರವಾದದ್ದು ಎಂದರು. ಯಾರ ಜೊತೆ ಮಾತಾಡಬೇಕು, ಎಷ್ಟು ಹೊತ್ತು ಮಲಗಬೇಕು, ಯಾವ ಬಟ್ಟೆ ಹಾಕಬೇಕು, ಎಷ್ಟು ದುಡ್ಡು ಕೈಯಲ್ಲಿರಬೇಕು, ಎಲ್ಲಕ್ಕೂ ನಿಯಮ. ಆ ನಿಯಮಗಳನ್ನು ಆತ ಬೇಕೆಂದಾಗ ಬದಲಿಸುತ್ತಾನೆ. ನಿನ್ನೆ ಸರಿಯಿದ್ದದ್ದು ಇವತ್ತು ತಪ್ಪು. ಹಾಗಾಗಿ ಆತ ಮನೆಯಲ್ಲಿ ಇಲ್ಲದಾಗಲೂ ಅವಳು ಕಾವಲಿನಲ್ಲೇ ಇರುತ್ತಾಳೆ.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಕಾರಣ, ಒಂದೊಂದೇ ಸಂಗತಿ ಹೇಳಿದರೆ ಎಲ್ಲವೂ ಚಿಲ್ಲರೆ ವಿಷಯ. ಪಾಸ್‌ವರ್ಡ್ ಕೇಳಿದ, ಅಷ್ಟೇ ತಾನೆ? ಪದೇ ಪದೇ ಫೋನ್ ಮಾಡ್ತಾನೆ, ಪ್ರೀತಿ ಜಾಸ್ತಿ ಅಲ್ವಾ? ಎಳೆ ಎಳೆಯಾಗಿ ಬಿಡಿಸಿ ತೋರಿಸಿದರೆ ಬರೀ ನೂಲು, ಒಳಗೆ ಸಿಕ್ಕಿಕೊಂಡವರಿಗೆ ಮಾತ್ರ ಅದು ಬಲೆ. ಇದರಿಂದಾಗಿ ಎಷ್ಟೋ ಹೆಂಗಸರು ದೂರು ಕೊಡಲು ಹೋಗಿ, ಏನು ಹೇಳಬೇಕೆಂದೇ ತೋಚದೆ ವಾಪಸ್ ಬರುತ್ತಾರೆ.

ಆಲ್ಬರ್ಟ್ ಬಿಡರ್‌ಮನ್ ಎಂಬ ಅಮೆರಿಕದ ವಿಜ್ಞಾನಿ 1957ರಲ್ಲಿ ಒಂದು ಪಟ್ಟಿ ಮಾಡಿದ್ದರು. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಸೈನಿಕರನ್ನು ಹೇಗೆ ಬಗ್ಗಿಸಲಾಯಿತು ಎಂಬುದರ ಪಟ್ಟಿ ಅದು. ಜನರಿಂದ ದೂರ ಮಾಡುವುದು, ನಿದ್ದೆಗೆಡಿಸಿ ದಣಿಸುವುದು, ಬೆದರಿಸುವುದು, ಅವಮಾನ ಮಾಡುವುದು, ಅರ್ಥವಿಲ್ಲದ ಸಣ್ಣ ಸಣ್ಣ ನಿಯಮ ಹೇರುವುದು, ನಡುನಡುವೆ ಸ್ವಲ್ಪ ದಯೆ ತೋರಿಸುವುದು. ಮನೆಯೊಳಗಿನ ಹಿಡಿತವನ್ನು ಅಧ್ಯಯನ ಮಾಡಿದವರು ಮುಂದೆ ಈ ಪಟ್ಟಿಯನ್ನೇ ಬಳಸಿಕೊಂಡರು. ಅಷ್ಟು ಹೊಂದುತ್ತದೆ. ವಿಚಿತ್ರ ಏನೆಂದರೆ, ಆ ಸೈನಿಕರನ್ನು ‘ಯಾಕೆ ಎದ್ದು ಬರಲಿಲ್ಲ’ ಎಂದು ಯಾರೂ ಕೇಳುವುದಿಲ್ಲ.

ನಾನು ಕೊನೆಗೆ ಹೇಳಿದ್ದನ್ನು ಗಮನಿಸಿ, ಆ ನಡುನಡುವಿನ ದಯೆ. ನಿಮ್ಮ ತಂಗಿಯ ಮನೆಯಲ್ಲೂ ಒಳ್ಳೆಯ ದಿನಗಳು ಇರುತ್ತವೆ. ಉಡುಗೊರೆ, ಕಣ್ಣೀರು, ‘ನೀನಿಲ್ಲದೆ ನಾನಿಲ್ಲ’ ಎಂಬ ಮಾತು. ಅದನ್ನು ನಂಬಿ ಅವಳು ಹಿಂದೆ ಒಂದೆರಡು ಸಲ ಮನಸ್ಸು ಬದಲಿಸಿದ್ದರೆ ಅವಳನ್ನು ದಡ್ಡಿ ಅನ್ನಬೇಡಿ. ದಣಿದವರಿಗೆ ಒಂದು ದಿನದ ನೆಮ್ಮದಿಯೂ ದೊಡ್ಡದಾಗಿ ಕಾಣುತ್ತದೆ.

ಇನ್ನು ಕೊಲೆಯ ವಿಷಯ. ಓದಲು ಕಷ್ಟವಾದರೂ ಇದನ್ನು ನೇರವಾಗಿಯೇ ಹೇಳಬೇಕು. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 51,100 ಹೆಂಗಸರು ಮತ್ತು ಹುಡುಗಿಯರು ಸಂಗಾತಿಯ ಅಥವಾ ಮನೆಯವರ ಕೈಯಲ್ಲೇ ಸತ್ತರು. ದಿನಕ್ಕೆ 140 ಜನ. ಆ ವರ್ಷ ಕೊಲೆಯಾದ ಎಲ್ಲ ಹೆಂಗಸರಲ್ಲಿ ಇವರ ಪಾಲು ಶೇ 60ರಷ್ಟು. ಗಂಡಸರೂ ಸಂಗಾತಿಯಿಂದ ಹಿಂಸೆ ಅನುಭವಿಸುತ್ತಾರೆ, ಕೊಲೆಯೂ ಆಗುತ್ತಾರೆ. ಆದರೆ ಕೊಲೆಯಾದ ಗಂಡಸರಲ್ಲಿ ಮನೆಯವರ ಕೈಯಲ್ಲಿ ಸತ್ತವರ ಪಾಲು ಇದಕ್ಕಿಂತ ತುಂಬಾ ಕಡಿಮೆ.

ಇಂಥ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ‘ಸಿಟ್ಟಿನ ಭರದಲ್ಲಿ’ ಎಂದು ಬರೆಯುತ್ತವೆ. ನನಗೆ ಅತ್ಯಂತ ಬೇಸರ ತರಿಸುವ ಪದಗಳು ಇವು. ಸಿಟ್ಟಿನ ಭರದಲ್ಲಿ ಆದದ್ದು ಎಂದರೆ ತಡೆಯಲು ಆಗುತ್ತಿರಲಿಲ್ಲ ಎಂದ ಹಾಗೆ. ಬ್ರಿಟನ್ನಿನ ಅಪರಾಧಶಾಸ್ತ್ರಜ್ಞೆ ಜೇನ್ ಮಾಂಕ್ಟನ್ ಸ್ಮಿತ್ ಇಂಥ 372 ಕೊಲೆಗಳನ್ನು ಅಧ್ಯಯನ ಮಾಡಿದರು. ಅವರಿಗೆ ಕಂಡದ್ದು ದಿಢೀರ್ ಸ್ಫೋಟ ಅಲ್ಲ, ಎಂಟು ಹಂತಗಳ ಒಂದು ಹಾದಿ. ಮೊದಲ ಹಂತ, ಆತ ಹಿಂದಿನ ಸಂಬಂಧಗಳಲ್ಲೂ ಹೀಗೇ ನಡೆದುಕೊಂಡಿರುವುದು. ಎರಡನೆಯದು, ಅವಸರದ ಪ್ರೀತಿ. ಪರಿಚಯವಾದ ಕೆಲವೇ ವಾರಗಳಲ್ಲಿ ಮದುವೆಯ ಮಾತು, ಒಟ್ಟಿಗೆ ಇರೋಣ ಎಂಬ ಒತ್ತಾಯ. ಆಮೇಲೆ ಹಿಡಿತ. ಇದು ವರ್ಷಗಟ್ಟಲೆ ಇರಬಹುದು, ಇಲ್ಲಿಂದ ಮುಂದೆ ಹೋಗದೆಯೂ ಇರಬಹುದು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಿಡಿತ ಸಾಧಿಸುವ ಗಂಡಸರಲ್ಲಿ ಕೊಲ್ಲುವವರು ಕಡಿಮೆ.

ನಾಲ್ಕನೆಯ ಹಂತದಲ್ಲಿ ಹಿಡಿತ ಅಲುಗಾಡುತ್ತದೆ. ಹೆಚ್ಚಾಗಿ ಅವಳು ಬಿಟ್ಟು ಹೋಗುವುದೇ ಇದಕ್ಕೆ ಕಾರಣ, ಅಥವಾ ಹೋಗುತ್ತಾಳೆ ಎಂಬ ಸುಳಿವು. ಕೆಲಸ ಹೋಗುವುದು, ಕಾಯಿಲೆ, ಸಾಲ ಕೂಡ ಕಾರಣ ಆಗಬಹುದು. ಐದನೆಯದರಲ್ಲಿ ಆತ ಹಿಡಿತವನ್ನು ಮತ್ತೆ ಗಟ್ಟಿ ಮಾಡಲು ನೋಡುತ್ತಾನೆ. ಹಿಂಬಾಲಿಸುವುದು, ಅಂಗಲಾಚುವುದು, ಬೆದರಿಕೆ, ‘ಸತ್ತು ಹೋಗ್ತೀನಿ’ ಎನ್ನುವುದು. ಆರನೆಯದು ಆತನ ಯೋಚನೆ ಬದಲಾಗುವ ಹಂತ. ಅವಳನ್ನು ವಾಪಸ್ ಪಡೆಯುವ ಆಸೆ ಬಿಟ್ಟು ಸೇಡಿನ ಕಡೆಗೆ ತಿರುಗುತ್ತಾನೆ. ಏಳನೆಯದು ತಯಾರಿ, ಎಂಟನೆಯದು ಕೊಲೆ.

ಈ ಆರನೆಯ ಹಂತವೇ ಎಲ್ಲರನ್ನೂ ಮೋಸ ಮಾಡುವುದು. ವಾರಗಟ್ಟಲೆ ಕೂಗಾಡಿದವನು ಇದ್ದಕ್ಕಿದ್ದ ಹಾಗೆ ಶಾಂತನಾಗಬಹುದು. ಮೆಸೇಜುಗಳು ನಿಲ್ಲಬಹುದು. ‘ಆಯ್ತು, ನಿನ್ನಿಷ್ಟ, ಕೊನೆಯದಾಗಿ ಒಂದು ಸಲ ಕೂತು ಮಾತಾಡೋಣ’ ಎನ್ನಬಹುದು. ಮನೆಯವರು ಉಸ್ಸಪ್ಪಾ ಎನ್ನುತ್ತಾರೆ. ನಿಜವಾಗಿಯೂ ತಣ್ಣಗಾದವರೂ ಇರುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ಆ ಕೊನೆಯ ಭೇಟಿಗೆ ಅವಳು ಒಬ್ಬಳೇ ಹೋಗಬಾರದು. ಬಿಟ್ಟುಬಂದ ಸಾಮಾನು ತರಲಿಕ್ಕೂ ಅಷ್ಟೇ. ಸಾಮಾನು ಹೋದರೆ ಹೋಗಲಿ.

ಬಿಟ್ಟು ಬರುವಾಗಿನ ಅಪಾಯದ ಬಗ್ಗೆ ಇನ್ನೂ ಒಂದು ಅಧ್ಯಯನ ನೋಡಿ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಅಮೆರಿಕದ 11 ನಗರಗಳಲ್ಲಿ ಮಾಡಿದ್ದು, 2003ರಲ್ಲಿ ಪ್ರಕಟವಾಯಿತು. ಸಂಗಾತಿಯಿಂದ ಕೊಲೆಯಾದವರನ್ನೂ, ಹಿಂಸೆ ಅನುಭವಿಸಿ ಬದುಕಿರುವವರನ್ನೂ ಅವರು ಹೋಲಿಸಿ ನೋಡಿದರು. ಹಿಂಸೆ ಕೊಡುವವನ ಕೈಗೆ ಬಂದೂಕು ಸಿಗುವಂತಿದ್ದರೆ ಕೊಲೆಯ ಅಪಾಯ ಐದು ಪಟ್ಟು ಹೆಚ್ಚಿತ್ತು. ಆತ ತುಂಬಾ ಹಿಡಿತ ಇಟ್ಟುಕೊಂಡವನಾಗಿದ್ದು, ಒಟ್ಟಿಗೆ ಬಾಳಿದ ಮೇಲೆ ಅವಳು ಬೇರೆಯಾಗಿದ್ದರೆ, ಸುಮಾರು ಒಂಬತ್ತು ಪಟ್ಟು.

ಹಾಗಾದರೆ ಬಿಟ್ಟು ಬರಬಾರದಾ ಎಂದು ಕೇಳುತ್ತೀರಿ. ಬರಬೇಕು. ಅಲ್ಲೇ ಉಳಿದರೆ ಅಪಾಯ ಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಅಷ್ಟೇ. ಆದರೆ ಸಿಟ್ಟಿನಲ್ಲಿ ಬ್ಯಾಗು ಹಿಡಿದು ಹೊರಡುವುದಲ್ಲ, ತಯಾರಿ ಮಾಡಿಕೊಂಡು ಹೊರಡಬೇಕು.

ಅದಕ್ಕೂ ಮೊದಲು ಕುತ್ತಿಗೆಯ ವಿಷಯ. ‘ಹೊಡೆಯಲಿಲ್ಲ, ಹೆದರಿಸಿದರು’ ಎಂದಳಲ್ಲ, ಈ ಮಾತು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಕುತ್ತಿಗೆ ಅದುಮುವುದು ಏಟಿಗಿಂತ ಕೆಳಗಿನದಲ್ಲ, ಬಹಳ ಮೇಲಿನದು. ನಿನ್ನ ಉಸಿರು ನನ್ನ ಕೈಯಲ್ಲಿದೆ ಎಂದು ತೋರಿಸುವುದು ಅದು. ಸಂಗಾತಿ ಹಿಂದೆ ಒಮ್ಮೆ ಕುತ್ತಿಗೆ ಅದುಮಿದ್ದರೆ, ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಹೆಚ್ಚು ಎಂದು 2008ರ ಒಂದು ಅಧ್ಯಯನ ತೋರಿಸಿತು. ರಕ್ತನಾಳ ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹೊರಗೆ ಗುರುತು ಕಾಣಲೇಬೇಕು ಅಂತೇನೂ ಇಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಪೊಲೀಸರ ಬಳಿ ಬಂದ ಇಂಥ 300 ಪ್ರಕರಣಗಳನ್ನು ನೋಡಿದಾಗ ಅರ್ಧದಷ್ಟರಲ್ಲಿ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ.

ಆ ದಿನ ಅವಳ ಧ್ವನಿ ಒಡೆದಿತ್ತಾ, ನುಂಗಲು ಕಷ್ಟವಾಗಿತ್ತಾ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ಬಂದಿತ್ತಾ, ಗೊತ್ತಿಲ್ಲದೆ ಮೂತ್ರ ಹೋಗಿತ್ತಾ, ನಡುವಿನ ಸ್ವಲ್ಪ ಹೊತ್ತು ನೆನಪಿಲ್ಲವಾ ಎಂದು ಮೆಲ್ಲಗೆ ಕೇಳಿ. ಹೌದು ಎಂದರೆ ಅದು ಬರೀ ಹೆದರಿಸಿದ್ದಲ್ಲ. ಎರಡು ತಿಂಗಳಾಗಿದ್ದರೂ ವೈದ್ಯರಿಗೆ ತೋರಿಸಿ, ನಡೆದದ್ದನ್ನು ಇದ್ದ ಹಾಗೆ ಹೇಳಿ ಬರೆಸಿಕೊಳ್ಳಿ. ಮತ್ತೆ ಹಾಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆಯ ರಕ್ತನಾಳಕ್ಕೆ ಒಳಗೆ ಪೆಟ್ಟಾಗಿದ್ದರೆ ಕೆಲವು ದಿನ ಬಿಟ್ಟು ಪಾರ್ಶ್ವವಾಯು ಹೊಡೆಯುವ ಅಪಾಯ ಇರುತ್ತದೆ.

ಕ್ಯಾಂಪ್‌ಬೆಲ್ ಅಪಾಯ ಅಳೆಯಲು ಒಂದು ಪ್ರಶ್ನಾವಳಿಯನ್ನೂ ಮಾಡಿದ್ದಾರೆ. ಅದರಲ್ಲಿ ನನಗೆ ಇಷ್ಟವಾದದ್ದು ಪ್ರಶ್ನೆಗಳಿಗಿಂತ ಅದರ ಜೊತೆ ಕೊಡುವ ಕ್ಯಾಲೆಂಡರ್. ಹೋದ ಒಂದು ವರ್ಷದಲ್ಲಿ ಯಾವ ದಿನ ಏನಾಯಿತು ಎಂದು ಅವಳೇ ಗುರುತು ಹಾಕಬೇಕು. ಅಪರೂಪಕ್ಕೊಮ್ಮೆ ಆಗುತ್ತದೆ ಎಂದುಕೊಂಡದ್ದು ತಿಂಗಳಿಗೆ ಎರಡು, ಆಮೇಲೆ ವಾರಕ್ಕೊಂದು ಆಗಿರುವುದು ಅವಳ ಕಣ್ಣಿಗೇ ಬೀಳುತ್ತದೆ. ನೀವೂ ಮಾಡಿಸಬಹುದು. ಆದರೆ ಆ ಹಾಳೆ ನಿಮ್ಮ ಮನೆಯಲ್ಲಿರಲಿ. ಅವಳನ್ನು ಇನ್ನೂ ಕೆಲವು ಕೇಳಿ. ಆತ ಸಾಯಿಸುತ್ತೇನೆ ಎಂದು ಯಾವತ್ತಾದರೂ ಹೇಳಿದ್ದಾನಾ? ತಾನೇ ಸಾಯುತ್ತೇನೆ ಎಂದಿದ್ದಾನಾ? ಮಲಗುವ ಕೋಣೆಯಲ್ಲಿ ಬಲವಂತ ಇದೆಯಾ? ಬಸುರಿಯಾಗಿದ್ದಾಗ ಹಿಂಸೆ ಕೊಟ್ಟಿದ್ದಾನಾ? ಆಫೀಸಿನವರೆಗೆ ಹಿಂಬಾಲಿಸುತ್ತಾನಾ? ಕೈಗೆ ಸಿಗುವಂಥ ಆಯುಧ ಇದೆಯಾ?

ಅವಳು ‘ಅಷ್ಟಕ್ಕೆಲ್ಲ ಹೋಗೋ ಮನುಷ್ಯ ಅಲ್ಲ’ ಎಂದರೆ? ಸಂಗಾತಿಯ ಕೊಲೆ ಪ್ರಯತ್ನದಿಂದ ಬದುಕಿ ಉಳಿದವರನ್ನು ಕೇಳಿದಾಗ ಸುಮಾರು ಅರ್ಧದಷ್ಟು ಹೆಂಗಸರು, ಆತ ಅಲ್ಲಿಯವರೆಗೆ ಹೋಗುತ್ತಾನೆ ಎಂದುಕೊಂಡಿರಲಿಲ್ಲ ಎಂದರು. ಹಾಗಾಗಿ ಒಂದು ಮಾತು ನೆನಪಿಟ್ಟುಕೊಳ್ಳಿ. ಅವಳು ಹೆದರಿದ್ದೇನೆ ಎಂದರೆ ಪೂರ್ತಿ ನಂಬಿ. ಹೆದರಿಕೆ ಇಲ್ಲ ಎಂದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಈಗ ಮಾಡಬೇಕಾದ್ದು. ಮೊದಲು ಈ ಕೆಲಸದಲ್ಲಿ ತರಬೇತಿ ಇರುವವರನ್ನು ಹುಡುಕಿ. ಮಹಿಳಾ ಸಹಾಯವಾಣಿ, ಆಶ್ರಯ ಕೇಂದ್ರ, ಕಾನೂನು ನೆರವಿನವರು. ನಿಮ್ಮ ಫೋನಿನಿಂದ ನೀವೇ ಮಾತಾಡಿ, ಅವಳ ಫೋನಿನಿಂದ ಬೇಡ. ಅವಳ ಫೋನಿನಲ್ಲಿ ಲೊಕೇಶನ್ ಹಂಚಿಕೆ, ಇಬ್ಬರಿಗೂ ಸೇರಿದ ಖಾತೆ, ಗುಟ್ಟಾಗಿ ಹಾಕಿದ ಆ್ಯಪ್ ಇರಬಹುದು. ಸಿಕ್ಕಿತು ಎಂದು ತಕ್ಷಣ ತೆಗೆದುಹಾಕಬೇಡಿ. ನಕ್ಷೆಯಲ್ಲಿ ಅವಳ ಚುಕ್ಕೆ ಮಾಯವಾದ ಕೂಡಲೇ ಆತನಿಗೆ ಗೊತ್ತಾಗುತ್ತದೆ. ಹೊರಡುವ ದಿನದವರೆಗೆ ಆ ಫೋನು ಎಂದಿನಂತೆ ಇರಲಿ, ತಯಾರಿಯೆಲ್ಲ ಬೇರೆ ಫೋನಿನಲ್ಲಿ ನಡೆಯಲಿ. ಬ್ಯಾಗು ಮತ್ತು ಕಾರಿನಲ್ಲಿ ಟ್ರ್ಯಾಕರ್ ಇದೆಯೇ ಎಂದು ಹೊರಡುವ ಮುಂಚೆ ನೋಡಿ.

ಅವಳ ಮತ್ತು ಮಗುವಿನ ದಾಖಲೆಗಳು, ಔಷಧಿ, ಸ್ವಲ್ಪ ನಗದು ಒಂದೊಂದಾಗಿ ನಿಮ್ಮ ಕಡೆಗೆ ಬರಲಿ. ಒಂದೇ ದಿನ ಎಲ್ಲ ಸಾಗಿಸಿದರೆ ಕಪಾಟು ಖಾಲಿ ಕಾಣುತ್ತದೆ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಪ್ತ ಮಾತು ಇರಲಿ. ಅದು ಬಂದರೆ ನೀವು ಏನೂ ಕೇಳದೆ ಪೊಲೀಸರಿಗೆ ಫೋನ್ ಮಾಡಬೇಕು. ಹೊರಡುವುದು ಆತ ಮನೆಯಲ್ಲಿ ಇಲ್ಲದಾಗ, ಮಗುವಿನ ಜೊತೆ. ಸಾಧ್ಯವಾದರೆ ಆತನಿಗೆ ಗೊತ್ತಿಲ್ಲದ ಜಾಗಕ್ಕೆ. ನಿಮ್ಮ ಮನೆಗೇ ಬಂದರೆ ಆತ ಮೊದಲು ಹುಡುಕುವುದೂ ಅಲ್ಲೇ.

ನೀವು ಮಾಡಬಾರದ್ದೂ ಇದೆ. ಆತನನ್ನು ಕರೆದು ಬುದ್ಧಿ ಹೇಳಬೇಡಿ. ನಿಮ್ಮ ಮುಂದೆ ತಲೆಯಾಡಿಸುತ್ತಾನೆ, ‘ಅಕ್ಕನಿಗೆ ಎಲ್ಲ ಹೇಳಿದ್ಯಾ’ ಎಂಬ ಲೆಕ್ಕ ರಾತ್ರಿ ತಂಗಿ ಕೊಡಬೇಕಾಗುತ್ತದೆ. ಹಿರಿಯರು ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಆತನ ಮುಂದೆ ಅವಳು ನಿಜ ಹೇಳಲಾರಳು. ಹೇಳಿದರೆ ಅದೇ ಮನೆಗೆ ವಾಪಸ್ ಹೋಗಬೇಕು. ಇದೇ ಕಾರಣಕ್ಕೆ ಇಂಥ ಕಡೆ ದಂಪತಿಗಳನ್ನು ಒಟ್ಟಿಗೆ ಕೂರಿಸುವ ಕೌನ್ಸೆಲಿಂಗ್ ಕೂಡ ಬೇಡ. ತಂಗಿಗೂ ಆಜ್ಞೆ ಮಾಡಬೇಡಿ. ‘ಈಗಲೇ ಬಾ, ಇಲ್ಲಾಂದ್ರೆ ನನ್ನ ಹತ್ರ ಬರಲೇಬೇಡ’ ಎಂದರೆ ಅವಳಿಗೆ ಅಪ್ಪಣೆ ಕೊಡುವವರು ಇಬ್ಬರಾದರು. ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದರೂ ಬಾಗಿಲು ತೆರೆದೇ ಇರಲಿ. ಒಂದೇ ಸಲಕ್ಕೆ ಶಾಶ್ವತವಾಗಿ ಹೊರಬರುವವರು ಕಡಿಮೆ.

ಕಾನೂನಿನ ಬಗ್ಗೆ ಚಿಕ್ಕದಾಗಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಡಿಸೆಂಬರ್‌ನಿಂದ ಈ ಹಿಡಿತವೇ ಅಪರಾಧ, ಐದು ವರ್ಷದವರೆಗೆ ಜೈಲು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ 2019ರಲ್ಲಿ ಜಾರಿಯಾಯಿತು, ಸ್ಕಾಟ್ಲೆಂಡ್‌ನಲ್ಲಿ ಶಿಕ್ಷೆ 14 ವರ್ಷದವರೆಗೂ ಹೋಗಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2024ರ ಜುಲೈನಿಂದ. ಕುತ್ತಿಗೆ ಅದುಮುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್ 2022ರ ಜೂನ್‌ನಲ್ಲಿ ಪ್ರತ್ಯೇಕ ಅಪರಾಧ ಮಾಡಿದವು. ಇಂಥ ಕಾನೂನು ಇಲ್ಲದ ಕಡೆ ಬೆದರಿಕೆ, ಹಿಂಬಾಲಿಸುವುದು, ಹಣ ಕಿತ್ತುಕೊಳ್ಳುವುದು, ಹಲ್ಲೆ ಎಂದು ಒಂದೊಂದನ್ನೇ ಹಿಡಿದು ದೂರು ಕೊಡಬೇಕಾಗುತ್ತದೆ. ದಿನಾಂಕ ಹಾಕಿ ಬರೆದಿಟ್ಟದ್ದು ಆಗ ಬಹಳ ಉಪಯೋಗಕ್ಕೆ ಬರುತ್ತದೆ. ರಕ್ಷಣೆಗೆ ಕೋರ್ಟಿನ ಆದೇಶ ಪಡೆಯಬಹುದು, ಪಡೆಯಿರಿ. ಆದರೆ ಆ ಕಾಗದ ಆತನ ಕೈ ಸೇರುವ ದಿನವೂ ಅಪಾಯದ ದಿನವೇ. ಅಂದು ಅವಳು ಎಲ್ಲಿರುತ್ತಾಳೆ, ಜೊತೆಗೆ ಯಾರಿರುತ್ತಾರೆ ಎಂದು ಮೊದಲೇ ಗೊತ್ತು ಮಾಡಿಕೊಂಡಿರಿ.

ಹೊರಗೆ ಬಂದ ಮೇಲೆ ‘ಅಂತೂ ಮುಗೀತು’ ಎಂದು ಎಚ್ಚರ ತಪ್ಪಬೇಡಿ. ಮೊದಲ ಕೆಲವು ತಿಂಗಳು ಅತಿ ಹೆಚ್ಚು ಅಪಾಯದ್ದು, ಒಂದು ವರ್ಷವಾದರೂ ಹುಷಾರಾಗಿರಬೇಕು. ಆಫೀಸಿನಲ್ಲಿ ನಂಬಿಕಸ್ಥರಿಗೆ ಮತ್ತು ಮಗುವಿನ ಶಾಲೆಗೆ ವಿಷಯ ಗೊತ್ತಿರಲಿ. ಮಗುವನ್ನು ಯಾರ ಜೊತೆ ಕಳಿಸಬಹುದು, ಯಾರ ಜೊತೆ ಕಳಿಸಬಾರದು ಎಂದು ಶಾಲೆಗೆ ಬರವಣಿಗೆಯಲ್ಲಿ ಕೊಡಿ. ದಿನಾ ಒಂದೇ ದಾರಿ, ಒಂದೇ ಸಮಯ ಬೇಡ. ಆತ ಮಗುವನ್ನು ನೋಡಬೇಕು ಎಂದು ಕೋರ್ಟು ಹೇಳಿದರೆ, ಮಗುವನ್ನು ಬಿಟ್ಟುಬರುವ ಕೆಲಸ ಬೇರೆಯವರು ಮಾಡಲಿ, ತಂಗಿ ಅಲ್ಲಿಗೆ ಹೋಗುವುದು ಬೇಡ. ಹೊಸ ನಂಬರ್ ತೆಗೆದುಕೊಳ್ಳಲಿ, ಆದರೆ ಹಳೆಯ ಸಿಮ್ ಬಂದ್ ಮಾಡಿಸಬೇಡಿ. ಅದನ್ನು ಬೇರೊಂದು ಫೋನಿಗೆ ಹಾಕಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಲೊಕೇಶನ್ ಆಫ್ ಇರಲಿ. ಆತ ಕಳಿಸುವ ಬೆದರಿಕೆಯೆಲ್ಲ ಅದಕ್ಕೇ ಬಂದು ಬೀಳುತ್ತದೆ. ಯಾವುದಕ್ಕೂ ಉತ್ತರ ಕೊಡಬೇಡಿ, ಅಳಿಸಲೂ ಬೇಡಿ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕೊಡಿ. ಬರುತ್ತಿದ್ದ ಮೆಸೇಜು ದಿಢೀರ್ ಎಂದು ನಿಂತರೆ ಅದನ್ನೂ ಅವತ್ತೇ ಅವರಿಗೆ ತಿಳಿಸಿ.